ಹಿಂಬಾಗಿಲಿನ ಮೆಲುಕು

ದೊಡ್ಡಬಳ್ಳಾಪುರದ ಅಣ್ಣನ ಮನೆಗೆ ಮೊಲ ಬಂದ ನಾಲ್ಕನೆಯ ದಿನ, ಇನ್ನೂ ಹಾಲಿನವನು ಬರುವ ಮೊದಲೇ ಅಣ್ಣನ ಮಗಳ ಫೋನು ಬಂತು.

"ಚಿಕ್ಕಪ್ಪಾ, ನಮ್ಮ ಬೆಣ್ಣೆ ಅದರ ಹಿಕ್ಕೇನ ಅದೇ ತಿಂತಿದೆ!"

ಬೆಣ್ಣೆ ಎಂದರೆ ಆ ಮೊಲ, ಹುಟ್ಟುಹಬ್ಬಕ್ಕೆ ಬಂದ ಉಡುಗೊರೆ. ಹಿಂದಿನಿಂದ ನಮ್ಮಮ್ಮನ ದನಿ ಕೇಳಿಸಿತು: "ಹೊಟ್ಟೆ ತುಂಬ್ತಿಲ್ಲ ಕಣಮ್ಮ ಅದಕ್ಕೆ. ರಾತ್ರಿ ಮುದ್ದೆ ಉಳಿದೈತೆ, ಒಂದು ಚೂರು ಮುರಿದು ಹಾಕು." ಅಣ್ಣನ ತೀರ್ಮಾನವೇ ಬೇರೆ. ಜಂತುಹುಳ ಆಗಿರಬೇಕು, ಔಷಧಿ ಕುಡಿಸಿದರೆ ಸರಿಹೋಗುತ್ತದೆ.

ಮೊಲ ಸಾಕಿದವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕಂಡಿರುತ್ತಾರೆ. ಕೂತಲ್ಲೇ ಮೈ ಮುದುರಿ, ತಲೆಯನ್ನು ಹಿಂಗಾಲುಗಳ ನಡುವೆ ತೂರಿಸಿ, ಏನನ್ನೋ ಬಾಯಿಗೆ ತೆಗೆದುಕೊಂಡು, ಗುಳುಕ್ಕನೆ ನುಂಗಿ, ಏನೂ ಆಗಿಲ್ಲವೆಂಬಂತೆ ಕಿವಿ ನೆಟ್ಟಗೆ ಮಾಡಿಕೊಂಡು ಕೂರುತ್ತದೆ. ನೋಡಿದವರು ಛೀ ಎಂದು ಗದರುವುದೂ ಉಂಟು. ಆದರೆ ಬೆಣ್ಣೆಗೆ ಹಸಿವೂ ಇರಲಿಲ್ಲ, ರೋಗವೂ ಇರಲಿಲ್ಲ. ಕೊಟ್ಟಿಗೆಯಲ್ಲಿ ಮಲಗಿದ ಹಸು ಕಣ್ಣು ಅರೆಮುಚ್ಚಿ ಮಾಡುವ ಕೆಲಸವನ್ನೇ ಅದು ಮಾಡುತ್ತಿತ್ತು. ಹಸು ಮಾಡಿದರೆ ಮೆಲುಕು ಎನ್ನುತ್ತೇವೆ, ಮೊಲ ಮಾಡಿದರೆ ಮೂಗು ಮುಚ್ಚಿಕೊಳ್ಳುತ್ತೇವೆ.

ಈ ಹಿಂಬಾಗಿಲಿನ ಮೆಲುಕು ಅರ್ಥವಾಗಿಬಿಟ್ಟರೆ ಮೊಲಕ್ಕೆ ಏನು ಹಾಕಬೇಕು, ಏನು ಹಾಕಬಾರದು, ಯಾವಾಗ ಗಾಬರಿಯಾಗಬೇಕು ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಹೊಲದ ಮೊಲ, ಮನೆಯ ಮೊಲ

ಮೊದಲು ಒಂದು ಗೊಂದಲ ಬಿಡಿಸೋಣ. ಹೊಸಕೋಟೆ, ನೆಲಮಂಗಲದ ಕಡೆ ರಾಗಿ ಹೊಲದ ಬದುವಿನಿಂದ ಮುಸ್ಸಂಜೆಯಲ್ಲಿ ಚಂಗನೆ ಹಾರಿ ಓಡುವ ಮೊಲವೂ ಅಂಗಡಿಯ ಪಂಜರದಲ್ಲಿ ಕೂತ ಮೊಲವೂ ಒಂದೇ ಅಲ್ಲ. ಹೊಲದ್ದು ಕತ್ತಿನ ಹಿಂದೆ ಕಪ್ಪು ಮಚ್ಚೆಯಿರುವ ನಮ್ಮ ನಾಡಿನ ಮೊಲ. ಇಂಗ್ಲಿಷಿನವರು ಹೇರ್ ಎನ್ನುವುದು ಇದನ್ನೇ. ಇದು ಬಿಲ ತೋಡುವುದಿಲ್ಲ. ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದನ್ನು ಕಾಪಾಡುತ್ತದೆ, ಹಾಗಾಗಿ ಹಿಡಿಯುವಂತಿಲ್ಲ, ಸಾಕುವಂತಿಲ್ಲ.

ಅಂಗಡಿಯ ಮೊಲ ರ‍್ಯಾಬಿಟ್. ಇದರ ಪೂರ್ವಿಕರು ಸ್ಪೇನ್, ಪೋರ್ಚುಗಲ್ ಕಡೆಯ ಗುಡ್ಡಗಳಲ್ಲಿ ಬಿಲ ತೋಡಿ ಗುಂಪಾಗಿ ಬದುಕಿದವರು. ಜಗತ್ತಿನ ಸಾಕುಮೊಲಗಳು, ಉದ್ದ ಕೂದಲಿನ ಅಂಗೋರಾದಿಂದ ಹಿಡಿದು ಅಂಗೈ ಮೇಲೆ ಕೂರುವ ಗಿಡ್ಡ ತಳಿಯವರೆಗೆ, ಎಲ್ಲವೂ ಆ ಒಂದೇ ಕುಲದವು. ಇದರ ಮರಿ ಹುಟ್ಟುವುದು ಬೆತ್ತಲೆಯಾಗಿ, ಕಣ್ಣು ಮುಚ್ಚಿಕೊಂಡು.

ನಮ್ಮ ಭಾಷೆಯಲ್ಲಿ ಎರಡಕ್ಕೂ ಮೊಲವೆಂಬ ಒಂದೇ ಹೆಸರು. ಹೊಟ್ಟೆಯ ವಿಷಯದಲ್ಲಿ ಅದು ಸರಿಯೇ. ಹಿಂಬಾಗಿಲಿನ ಮೆಲುಕು ಎರಡಕ್ಕೂ ಇದೆ.

ಹಸುವಿಗೆ ಮುಂದೆ, ಮೊಲಕ್ಕೆ ಹಿಂದೆ

ಹುಲ್ಲು ಜೀರ್ಣವಾಗುವುದು ಸುಲಭದ ಮಾತಲ್ಲ. ಅದರ ನಾರನ್ನು ಒಡೆಯುವ ರಸ ನಮ್ಮ ಹೊಟ್ಟೆಯಲ್ಲಿಲ್ಲ, ಹಸುವಿನ ಹೊಟ್ಟೆಯಲ್ಲೂ ಇಲ್ಲ, ಮೊಲದ ಹೊಟ್ಟೆಯಲ್ಲೂ ಇಲ್ಲ. ಒಡೆಯಬಲ್ಲವು ಸೂಕ್ಷ್ಮಜೀವಿಗಳು ಮಾತ್ರ. ಆದ್ದರಿಂದ ಹುಲ್ಲು ತಿನ್ನುವ ಪ್ರಾಣಿಗಳೆಲ್ಲ ಈ ಜೀವಿಗಳಿಗೆ ಮೈಯೊಳಗೇ ಬಾಡಿಗೆ ಮನೆ ಕೊಟ್ಟಿವೆ. ಹುಲ್ಲು ಹುದುಗಿ ಹುಳಿಯಾಗುತ್ತದೆ, ಆ ಹುಳಿಯೇ ಪ್ರಾಣಿಗೆ ಶಕ್ತಿ. ಬಾಡಿಗೆಯೂ ಅದೇ.

ಹಸು ಈ ಮನೆಯನ್ನು ಕಟ್ಟಿಕೊಂಡಿರುವುದು ಊಟ ಬರುವ ದಾರಿಯ ಆರಂಭದಲ್ಲಿ, ನಿಜವಾದ ಜಠರಕ್ಕೂ ಮುಂಚೆ. ಬೆಳೆದ ಹಸುವಿನ ಮೊದಲ ಹೊಟ್ಟೆಗೆ 100 ಲೀಟರಿಗೂ ಹೆಚ್ಚು ಹಿಡಿಸುತ್ತದೆ. ಅಲ್ಲಿ ಹುದುಗಿದ್ದೆಲ್ಲ ಮುಂದೆ ಜಠರಕ್ಕೆ, ಸಣ್ಣ ಕರುಳಿಗೆ ಹೋಗುವುದರಿಂದ ಹೆಚ್ಚೇನೂ ಪೋಲಾಗುವುದಿಲ್ಲ. ಹೊರೆ ಮಾತ್ರ ವಿಪರೀತ.

ನಾಯಿ, ನರಿ, ಹದ್ದುಗಳ ಕಣ್ಣು ತಪ್ಪಿಸಿ ಓಡಬೇಕಾದ ಎರಡು ಕಿಲೋ ಪ್ರಾಣಿಗೆ ಅಂಥ ಹೊಟ್ಟೆ ಹೊರುವುದು ಆಗದ ಮಾತು. ಮೊಲ ತನ್ನ ಹುದುಗುಮನೆಯನ್ನು ದಾರಿಯ ಕೊನೆಗೆ ಇಟ್ಟುಕೊಂಡಿತು. ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಕಡೆ ಒಂದು ಚೀಲವಿದೆ, ಒಂದು ತುದಿ ಮುಚ್ಚಿದ ಓಣಿಯಂತೆ. ಇದನ್ನು ಕುರುಡುಗರುಳು ಎನ್ನೋಣ, ಇಂಗ್ಲಿಷಿನಲ್ಲಿ ಸೀಕಮ್. ನಮ್ಮ ಹೊಟ್ಟೆಯ ಬಲಗಡೆ ಕೆಳಗೂ ಇದೇ ಚೀಲ ಇದೆ. ಅದಕ್ಕೆ ಜೋತುಬಿದ್ದ ಬಾಲವೇ ಆಪರೇಷನ್ನಿಗೆ ಹೆಸರಾದ ಅಪೆಂಡಿಕ್ಸ್. ನಮ್ಮಲ್ಲಿ ಅದು ಲೆಕ್ಕಕ್ಕಿಲ್ಲದ ಮೂಲೆ. ಮೊಲದಲ್ಲಿ ಅನ್ನದ ದಾರಿ ಪೂರ್ತಿ ಹಿಡಿಸುವ ಸರಕಿನಲ್ಲಿ ನೂರಕ್ಕೆ ಸುಮಾರು 40 ಪಾಲು ಈ ಒಂದೇ ಚೀಲದೊಳಗಿರುತ್ತದೆ.

ಮನೆ ಕೊನೆಯಲ್ಲಿಟ್ಟದ್ದರಿಂದ ಹೊರೆ ಹಗುರವಾಯಿತು, ಆದರೆ ಒಂದು ತೊಡಕು ಉಳಿಯಿತು. ಕುರುಡುಗರುಳಿನಲ್ಲಿ ತಯಾರಾದ ಪ್ರೋಟೀನು, ವಿಟಮಿನ್ನುಗಳನ್ನು ಚೆನ್ನಾಗಿ ಹೀರಬಲ್ಲ ಸಣ್ಣ ಕರುಳು ಆಗಲೇ ಹಿಂದೆ ಉಳಿದಿದೆ. ಅಡುಗೆ ಆಗುವಷ್ಟರಲ್ಲಿ ಪಂಕ್ತಿ ಎದ್ದುಹೋದ ಹಾಗೆ. ಪಂಕ್ತಿಯನ್ನು ಮತ್ತೆ ಕೂರಿಸಲು ಇರುವುದು ಒಂದೇ ದಾರಿ. ಹೊರಗೆ ಬಂದದ್ದನ್ನು ಇನ್ನೊಮ್ಮೆ ಬಾಯಿಂದ ಒಳಗೆ ಕಳಿಸುವುದು.

ಕರುಳಿನೊಳಗೊಂದು ಜರಡಿ

ಹೊರಗೆ ಬಂದದ್ದನ್ನೆಲ್ಲ ತಿಂದರೆ ಕಸವೂ ಒಳಗೇ ಸುತ್ತುತ್ತದೆ. ಬೇಕಾದ್ದು, ಬೇಡದ್ದು ಬೇರೆಯಾಗಬೇಕು. ಇಲ್ಲಿದೆ ಮೊಲದ ನಿಜವಾದ ಕೈಚಳಕ.

ರಾಗಿ ಹಿಟ್ಟು ಜರಡಿ ಹಿಡಿಯುವುದನ್ನು ನೆನೆಯಿರಿ. ನುಣ್ಣನೆಯದು ಕೆಳಗೆ ಬೀಳುತ್ತದೆ, ತೌಡು ಮೇಲುಳಿಯುತ್ತದೆ. ಮೊಲದ ದೊಡ್ಡ ಕರುಳಿನ ಮೊದಲ ಭಾಗ ಇಂಥದ್ದೇ ಜರಡಿ. ಸುಮಾರು ಅರ್ಧ ಮಿಲಿಮೀಟರಿಗಿಂತ ದಪ್ಪನೆಯ ನಾರಿನ ಚೂರುಗಳು ಕರುಳಿನ ನಡುವೆ ಸಾಗಿ ಮುಂದಕ್ಕೆ ಹೋಗುತ್ತವೆ. ನುಣುಪಾದ ಚೂರು, ನೀರು, ಸೂಕ್ಷ್ಮಜೀವಿಗಳು ಗೋಡೆಯ ಮಡಿಕೆಗಳಿಗೆ ಸರಿಯುತ್ತವೆ. ಆ ಮಡಿಕೆಗಳು ಉಲ್ಟಾ ಅಲೆಯೆಬ್ಬಿಸಿ ಅವನ್ನು ಹಿಂದಕ್ಕೆ, ಕುರುಡುಗರುಳಿಗೆ ತಳ್ಳುತ್ತವೆ. ಒಂದೇ ಕೊಳವೆಯಲ್ಲಿ ಏಕಕಾಲಕ್ಕೆ ಎರಡು ದಿಕ್ಕಿನ ಸಂಚಾರ.

ಮುಂದೆ ಹೋದ ಒರಟು ನಾರು ನೀರು ಹಿಂಡಿಸಿಕೊಂಡು ಉರುಟಾಗಿ ಹೊರಬೀಳುತ್ತದೆ. ಕಡಲೆಕಾಳಿನ ಗಾತ್ರದ, ಒಣಗಿದ, ವಾಸನೆಯಿಲ್ಲದ ಆ ಉಂಡೆ ಗಟ್ಟಿಹಿಕ್ಕೆ. ದಿನಕ್ಕೆ ಇನ್ನೂರು ಮುನ್ನೂರು. ಒಡೆದು ನೋಡಿದರೆ ಪುಡಿಹುಲ್ಲು, ಅಷ್ಟೇ.

ಮೊಲ ಮೇಯುವುದು ನಿಲ್ಲಿಸಿ ವಿಶ್ರಾಂತಿಗೆ ಕೂತಾಗ ಪಾಳಿ ಬದಲಾಗುತ್ತದೆ. ದೊಡ್ಡ ಕರುಳಿನಲ್ಲಿ ಒಂದು ದಪ್ಪ ಸ್ನಾಯುಪಟ್ಟಿ ಇದೆ, ಮೊಲದ ಬಳಗದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ್ದು. ಕರುಳಿಗೆ ತಾಳ ಹಾಕುವುದು ಇದೇ. ತಾಳ ಬದಲಾದೊಡನೆ ಜರಡಿ ನಿಂತು, ಕುರುಡುಗರುಳಿನ ಹುದುಗಿದ ಸರಕು ಹೊರಡುತ್ತದೆ. ದಾರಿಯಲ್ಲಿ ಅದಕ್ಕೊಂದು ಲೋಳೆಯ ಹೊದಿಕೆ. ಹೊರಬರುವಾಗ ಮೆತ್ತಗೆ, ಹೊಳೆಯುವ ಕಪ್ಪು ಬಣ್ಣದಲ್ಲಿ, ಒಂದಕ್ಕೊಂದು ಅಂಟಿಕೊಂಡ ಸಣ್ಣ ಕಾಳುಗಳು. ದೇವನಹಳ್ಳಿ, ದೊಡ್ಡಬಳ್ಳಾಪುರದವರಿಗೆ ಹೋಲಿಕೆ ಹುಡುಕಬೇಕಿಲ್ಲ: ಬೆಂಗಳೂರು ನೀಲಿ ದ್ರಾಕ್ಷಿಯ ಗೊಂಚಲನ್ನು ಕಿರುಬೆರಳ ತುದಿಯಷ್ಟು ಕುಗ್ಗಿಸಿದಂತೆ.

ಇದು ಮೆದುಹಿಕ್ಕೆ, ಇಂಗ್ಲಿಷಿನಲ್ಲಿ ಸೀಕೊಟ್ರೋಫ್. ಇದು ಸಾಮಾನ್ಯವಾಗಿ ನೆಲಕ್ಕೆ ಬೀಳುವುದೇ ಇಲ್ಲ. ಮೊಲ ಬಗ್ಗಿ ನೇರ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಲೋಳೆಯ ಹೊದಿಕೆ ಜಠರದ ಆಮ್ಲವನ್ನು ಕೆಲವು ಗಂಟೆ ತಡೆಯುವುದರಿಂದ ಒಳಗಿನ ಜೀವಿಗಳು ಅಲ್ಲೂ ಹುದುಗಿಸುತ್ತಲೇ ಇರುತ್ತವೆ. ಆಮೇಲೆ ಅವೂ ಕರಗಿ ಊಟವಾಗುತ್ತವೆ. ಒಣತೂಕದಲ್ಲಿ ಅಳೆದರೆ ಮೆದುಹಿಕ್ಕೆಯಲ್ಲಿ ಗಟ್ಟಿಹಿಕ್ಕೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಪ್ರೋಟೀನ್ ಇರುತ್ತದೆ. ಬಿ ಗುಂಪಿನ ವಿಟಮಿನ್ನುಗಳು ಮೇಲಿಂದ ಬೋನಸ್ಸು.

ಮೊಲಕ್ಕೆ ಎರಡು ಬಗೆಯ ಹಿಕ್ಕೆ ಇದೆಯೆಂದು 1882ರಲ್ಲಿ ವಿವರವಾಗಿ ಬರೆದಿಟ್ಟವನು ಮೊರೊ ಎಂಬ ಫ್ರೆಂಚ್ ಪಶುವೈದ್ಯ. ಮುಂದೆ ಕೊರಳಿಗೆ ಪಟ್ಟಿ ಕಟ್ಟಿ ಬಗ್ಗದಂತೆ ಮಾಡಿದ ಪ್ರಯೋಗಗಳಲ್ಲಿ, ತಿಂದ ಮೇವಿನ ಪ್ರೋಟೀನು ಮೊಲಗಳ ಮೈಗೆ ಮೊದಲಿನಷ್ಟು ಹತ್ತಲಿಲ್ಲ. ಅಸಹ್ಯವೆಂದು ತಡೆಯುವುದೆಂದರೆ ತಟ್ಟೆಯಿಂದ ಊಟ ಕಿತ್ತುಕೊಂಡಂತೆ.

ತಾಯಿ ಕೊಡುವ ಹೆಪ್ಪು

ಬಾಡಿಗೆದಾರ ಜೀವಿಗಳು ಮರಿಯ ಹೊಟ್ಟೆಗೆ ಬರುವುದೆಲ್ಲಿಂದ? ಮನೆಯಲ್ಲಿ ಮೊಸರು ಖಾಲಿಯಾದರೆ ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತರುತ್ತೇವಲ್ಲ, ಅದೇ ವ್ಯವಹಾರ ಇಲ್ಲೂ. ತಾಯಿಮೊಲ ದಿನಕ್ಕೆ ಸಾಮಾನ್ಯವಾಗಿ ಒಂದೇ ಸಲ, ಮೂರ‍್ನಾಲ್ಕು ನಿಮಿಷ ಹಾಲೂಡಿಸಿ ಹೊರಟುಬಿಡುತ್ತದೆ. ಹೊರಡುವಾಗ ಗೂಡಿನಲ್ಲಿ ಕೆಲವು ಹಿಕ್ಕೆ ಉದುರಿಸಿ ಹೋಗುತ್ತದೆ. ಮರಿಗಳು ಅದನ್ನು ಮೆಲ್ಲುತ್ತವೆ. ಹೆಪ್ಪು ಹಾಕಿದ್ದಾಯಿತು.

ಹೆಪ್ಪು ಹಾಕಿದ ಪಾತ್ರೆಯನ್ನು ಅಲುಗಾಡಿಸಿದರೆ ಮೊಸರು ಕೂರುವುದಿಲ್ಲ. ಎಂಟು ವಾರವೂ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಿ, ಸಂತೆಯ ಬುಟ್ಟಿಯಲ್ಲಿ ಕೂರಿಸಿ, ಹೊಸ ಮನೆಯಲ್ಲಿ ಹೊಸ ತಿಂಡಿ ಹಾಕಿದಾಗ ಆಗುವುದೂ ಅದೇ. ಬಂದ ವಾರದಲ್ಲೇ ಭೇದಿ ಶುರುವಾಗಿ ಮರಿ ಸತ್ತರೆ ದೃಷ್ಟಿ ತಾಗಿತು ಎನ್ನುತ್ತಾರೆ. ತಾಗಿರುವುದು ಹಲವು ಬಾರಿ ಊಟದ ಬದಲಾವಣೆ. ಮರಿ ತರುವಾಗ ವಯಸ್ಸು ಕೇಳಿ, ಅಲ್ಲಿ ತಿನ್ನುತ್ತಿದ್ದ ಮೇವನ್ನೇ ಒಂದು ಚೀಲ ತನ್ನಿ. ಹೊಸದನ್ನು ವಾರ ಹತ್ತು ದಿನದಲ್ಲಿ ಚೂರುಚೂರಾಗಿ ಬೆರೆಸುತ್ತ ಬನ್ನಿ.

ಮುದ್ದೆ, ಬಿಸ್ಕತ್ತು, ಕ್ಯಾರೆಟ್

ಈಗ ನಮ್ಮಮ್ಮನ ಮುದ್ದೆಗೆ ಬರೋಣ. ಮುದ್ದೆ, ಅನ್ನ, ಬ್ರೆಡ್ಡು, ಬಿಸ್ಕತ್ತು ಎಲ್ಲವೂ ಪಿಷ್ಟದ ಮೂಟೆಗಳು. ಸಣ್ಣ ಕರುಳಿಗೆ ಅಷ್ಟನ್ನು ಕರಗಿಸಲಾಗದೆ ಉಳಿದದ್ದು ಕುರುಡುಗರುಳಿಗೆ ನುಗ್ಗುತ್ತದೆ. ಅಲ್ಲಿ ನಾರು ಒಡೆಯುವ ನಿಧಾನದ ಜೀವಿಗಳು ಹಿಂದೆ ಬಿದ್ದು, ಸಿಹಿ ತಿಂದು ದಿಢೀರನೆ ಹೆಚ್ಚುವ ಕೆಟ್ಟ ಜೀವಿಗಳು ಮೇಲುಗೈ ಪಡೆಯುತ್ತವೆ. ಗಾಳಿ ತುಂಬುತ್ತದೆ, ಕೆಲವೊಮ್ಮೆ ವಿಷವೂ ಹುಟ್ಟುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಒಳಗೆ ಹೋದದ್ದಕ್ಕೆ ಹಿಂದಿರುಗುವ ದಾರಿಯಿಲ್ಲ.

ಮೊಲಕ್ಕೆ ಕ್ಯಾರೆಟ್ಟೇ ಊಟ ಎನ್ನುವವರಿಗೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಈ ನಂಬಿಕೆ ಹಬ್ಬಿಸಿದ್ದರಲ್ಲಿ 1940ರಲ್ಲಿ ತೆರೆಗೆ ಬಂದ ಬಗ್ಸ್ ಬನ್ನಿ ಎಂಬ ಕಾರ್ಟೂನ್ ಮೊಲದ ಪಾಲು ದೊಡ್ಡದು. ಕ್ಯಾರೆಟ್ ಗಡ್ಡೆ ಗಿಡದ ಸಕ್ಕರೆ ಡಬ್ಬ. ಹೆಬ್ಬೆರಳಷ್ಟು ಚೂರನ್ನು ವಾರಕ್ಕೆ ಒಂದೆರಡು ಸಲ ಕೊಟ್ಟರೆ ಮಿಠಾಯಿ ಕೊಟ್ಟಂತೆ. ತರಕಾರಿಯವರು ಕಿತ್ತು ಬಿಸಾಡುವ ಕ್ಯಾರೆಟ್ ಸೊಪ್ಪು ಗಡ್ಡೆಗಿಂತ ಎಷ್ಟೋ ಮೇಲು.

ಸವೆಯಲೇಬೇಕಾದ ಹಲ್ಲು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ವ್ಯಾಪಾರ ಶುರುವಾಗುವುದು ಹಲ್ಲಿನಿಂದ. ರೈತ ಹೋರಿಯ ತುಟಿ ಎತ್ತಿ, ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದೆಯೋ ನೋಡಿ ವಯಸ್ಸು ಹೇಳಿಬಿಡುತ್ತಾನೆ. ಮೊಲದ ಬಾಯಲ್ಲಿ ಈ ವಿದ್ಯೆ ನಡೆಯದು. ಅದರ 28 ಹಲ್ಲುಗಳೂ ಜೀವವಿರುವವರೆಗೆ ಬೆಳೆಯುತ್ತಲೇ ಇರುತ್ತವೆ. ಮುಂದಿನ ಬಾಚಿಹಲ್ಲು ವಾರಕ್ಕೆ ಎರಡು ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಮೇಲಿನ ಬಾಚಿಹಲ್ಲುಗಳ ಹಿಂದೆ ಕಡ್ಡಿಯಂಥ ಇನ್ನೊಂದು ಜೋಡಿ ಅಡಗಿದೆ. ಇಲಿ, ಅಳಿಲುಗಳ ಗುಂಪಿನಿಂದ ಮೊಲವನ್ನು ಬೇರೆ ಮಾಡುವ ಗುರುತುಗಳಲ್ಲಿ ಇದೂ ಒಂದು.

ಹುಲ್ಲು ಅಗಿಯುವಾಗ ಮೊಲದ ದವಡೆ ಬೀಸುಕಲ್ಲಿನಂತೆ ಅಕ್ಕಪಕ್ಕಕ್ಕೆ ಆಡುತ್ತದೆ, ಹಲ್ಲು ಸಮನಾಗಿ ಸವೆಯುತ್ತದೆ. ಗುಳಿಗೆ ಮೇವು, ಬಿಸ್ಕತ್ತು ಕಡಿಯುವಾಗ ದವಡೆ ಮೇಲೆ ಕೆಳಗೆ ಮಾತ್ರ. ಸವೆಯದ ದವಡೆಹಲ್ಲಿನ ಅಂಚು ಚೂಪಾಗಿ ನಾಲಿಗೆಗೆ, ಕೆನ್ನೆಗೆ ಚುಚ್ಚುತ್ತದೆ. ನೋವಿಗೆ ಮೊಲ ಊಟ ಬಿಡುತ್ತದೆ, ಊಟ ಬಿಟ್ಟರೆ ಕರುಳು ನಿಲ್ಲುತ್ತದೆ. ಜರಡಿಗೆ ಬೇಕಾದ ಒರಟು ನಾರೇ ಹಲ್ಲಿಗೂ ಬೇಕು.

ನಮ್ಮ ಹೊಲದಲ್ಲೇ ಇದೆ

ಹಾಗಾದರೆ ತಟ್ಟೆ ಹೇಗಿರಬೇಕು? ಬಹುಪಾಲು ಹುಲ್ಲು, ಅದರಲ್ಲೂ ಒಣಹುಲ್ಲು, ಹಗಲು ರಾತ್ರಿ ಮುಂದಿರಬೇಕು. ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುವ ಟಿಮೊಥಿ ಹುಲ್ಲು ಒಳ್ಳೆಯದೇ, ದುಡ್ಡು ಜಾಸ್ತಿ. ನಮ್ಮ ಗರಿಕೆಯನ್ನು ತೆಳ್ಳಗೆ ಹರಡಿ ನೆರಳಲ್ಲಿ ಗರಿಗರಿಯಾಗುವಂತೆ ಒಣಗಿಸಿಟ್ಟರೆ ಅದೂ ಒಳ್ಳೆಯ ಮೇವು. ಬಣವೆಯ ರಾಗಿ ಹುಲ್ಲು ಅಗಿಯಲು, ಹಾಸಲು ಚೆಂದ. ಆದರೆ ಸತ್ವವನ್ನೆಲ್ಲ ತೆನೆಗೆ ಕೊಟ್ಟು ಉಳಿದ ಹುಲ್ಲಾದ್ದರಿಂದ ಅದೊಂದನ್ನೇ ನಂಬುವಂತಿಲ್ಲ. ಬೂಸಲು ಹಿಡಿದದ್ದು ಯಾವುದೂ ಬೇಡ.

ಜೊತೆಗೆ ದಿನಾ ಒಂದು ಹಿಡಿ ಹಸಿರು. ಕೊತ್ತಂಬರಿ, ಪುದೀನ, ಸಬ್ಬಸಿಗೆ, ಮೂಲಂಗಿ ಸೊಪ್ಪು ಬದಲಾಯಿಸುತ್ತ ಹಾಕಬಹುದು. ವಿಜಯಪುರ, ಹೊಸಕೋಟೆ ಕಡೆಯವರಿಗೆ ರೇಷ್ಮೆ ಬೆಳೆಗಾರರ ಹಿಪ್ಪುನೇರಳೆ ಸೊಪ್ಪು ಸಿಗುತ್ತದೆ, ಮೊಲಕ್ಕೆ ಅದು ಹಬ್ಬ. ಪಕ್ಕದ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆದಾಗ ರೇಷ್ಮೆಯವರು ಹುಳುವಿಗೆ ಆ ಬದಿಯ ಸೊಪ್ಪು ಹಾಕುವುದಿಲ್ಲ. ಹುಳುವಿಗೆ ಆಗದ್ದು ಮೊಲಕ್ಕೂ ಆಗದು. ಗುಳಿಗೆ ಮೇವು ಬೆಳೆದ ಮೊಲಕ್ಕೆ ದಿನಕ್ಕೆ ಮೈತೂಕದ ಕಿಲೋಗೆ 25 ಗ್ರಾಂ ದಾಟಬಾರದು. ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು, ಟೊಮೆಟೊ ಮತ್ತು ಆಲೂಗಡ್ಡೆ ಗಿಡದ ಎಲೆ, ಅಂಗಳದ ಕಣಗಿಲೆ ಹತ್ತಿರ ಸುಳಿಯಬಾರದು.

ನೀರು ಬೇಕು, ಸ್ನಾನ ಬೇಡ. ನೀರು ಅಗಲ ಬಟ್ಟಲಿನಲ್ಲಿರಲಿ, ದಿನಕ್ಕೆ ಕಿಲೋ ತೂಕಕ್ಕೆ 50ರಿಂದ 150 ಮಿಲಿಲೀಟರಿನವರೆಗೆ ಕುಡಿಯುತ್ತದೆ. ಮೂತ್ರ ಸುಣ್ಣದ ತಿಳಿಯಂತೆ ಬೆಳ್ಳಗಿದ್ದರೆ ಹೆದರಬೇಡಿ. ಬೇರೆ ಪ್ರಾಣಿಗಳಂತಲ್ಲದೆ ಮೊಲ ಮೇವಿನ ಸುಣ್ಣದಂಶವನ್ನೆಲ್ಲ ಹೀರಿಕೊಂಡು ಹೆಚ್ಚಾದದ್ದನ್ನು ಮೂತ್ರದಲ್ಲಿ ಹಾಕುತ್ತದೆ. ಅಂಗಾಲಿನಲ್ಲಿ ನಾಯಿ ಬೆಕ್ಕಿನ ಹಾಗೆ ಮೆತ್ತೆಯಿಲ್ಲ, ಬರೀ ಕೂದಲು. ಆದ್ದರಿಂದ ತಂತಿ ತಳದ ಪಂಜರದಲ್ಲಿ ಕಾಲು ಹುಣ್ಣಾಗುತ್ತದೆ, ನುಣುಪು ಟೈಲ್ಸ್ ಮೇಲೆ ಜಾರುತ್ತದೆ. ಹಳೆಯ ಜಮಖಾನ ಹಾಸಿ, ವಿದ್ಯುತ್ ವೈರುಗಳನ್ನು ಎತ್ತಿ ಕಟ್ಟಿ. ಮೂಲೆಯಲ್ಲೊಂದು ತಟ್ಟೆಯಿಟ್ಟು ಪಕ್ಕದಲ್ಲೇ ಹುಲ್ಲು ಇಟ್ಟರೆ ಅಲ್ಲೇ ಮೇಯುತ್ತ ಅಲ್ಲೇ ಹಿಕ್ಕೆ ಹಾಕುವುದನ್ನು ಕಲಿಯುತ್ತದೆ.

ಮಗ್ಗ ನಿಂತಾಗ

ಅಣ್ಣನ ಮನೆಯ ಹಿಂದೆ ವಿದ್ಯುತ್ ಮಗ್ಗಗಳ ಸಾಲು. ಆ ಬೀದಿಯವರಿಗೆ ಮಗ್ಗದ ಸದ್ದು ಕೇಳಿಸುವುದೇ ಇಲ್ಲ. ಸದ್ದು ನಿಂತಾಗ ಮಾತ್ರ ಎಲ್ಲರ ತಲೆಯೂ ಏಳುತ್ತದೆ: ಕರೆಂಟು ಹೋಯಿತೆ, ನೂಲು ತುಂಡಾಯಿತೆ?

ಮೊಲದ ಕರುಳು ಅಂಥ ಮಗ್ಗ. ಒರಟು ನಾರು ಗೋಡೆಗೆ ತಾಗುತ್ತಿದ್ದರೆ ಅದು ಓಡುತ್ತದೆ. ನಾರು ಕಡಿಮೆಯಾದರೆ ನೂಲು ತುಂಡಾದಂತೆ. ಭಯ, ನೋವು, ಸೆಕೆ ಆದರೆ ಕರೆಂಟು ಹೋದಂತೆ. ನಿಂತ ಕರುಳಿನಲ್ಲಿ ಸರಕು ಒಣಗಿ ಗಾಳಿ ತುಂಬುತ್ತದೆ. ಆ ನೋವಿಗೆ ಮೊಲ ಊಟ ಮುಟ್ಟುವುದಿಲ್ಲ, ಊಟವಿಲ್ಲದೆ ಕರುಳು ಮತ್ತಷ್ಟು ಬಿಗಿಯುತ್ತದೆ. ಅರ್ಧ ದಿನ ಹಿಕ್ಕೆ ಬೀಳದಿದ್ದರೆ, ಇಷ್ಟದ ಸೊಪ್ಪಿಗೂ ಮುಖ ತಿರುಗಿಸಿ ಮುದುರಿ ಕೂತು ಹಲ್ಲು ಕಟಕಟ ಎನಿಸುತ್ತಿದ್ದರೆ ನಾಳೆ ನೋಡೋಣ ಎನ್ನುವಂತಿಲ್ಲ. ಅವತ್ತೇ ಮೊಲ ನೋಡಿ ಗೊತ್ತಿರುವ ಪಶುವೈದ್ಯರ ಬಳಿ ಹೋಗಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಮ್ಮ ಜಿಲ್ಲೆಗೆ ದೂರವೇನಲ್ಲ.

ಮನೆಯಲ್ಲಿ ಉಳಿದ ಮಗುವಿನ ಅಮಾಕ್ಸಿಸಿಲಿನ್ ಸಿರಪ್ಪನ್ನು ಮಾತ್ರ ಕುಡಿಸಬೇಡಿ. ಪೆನಿಸಿಲಿನ್ ಬಳಗದ ಆ ಔಷಧಿ ಬಾಯಿಂದ ಹೋದರೆ ಕುರುಡುಗರುಳಿನ ಒಳ್ಳೆಯ ಜೀವಿಗಳನ್ನೇ ಸಾಯಿಸುತ್ತದೆ. ನಮ್ಮ ಮಗುವನ್ನು ಉಳಿಸಿದ ಔಷಧಿ ಮೊಲದ ಜೀವ ತೆಗೆಯಬಹುದು.

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಅದರಲ್ಲೂ ಶೀಟು ಮನೆಗಳಲ್ಲಿ, ಎಚ್ಚರ ಬೇಕು. ಮೊಲಕ್ಕೆ ನಮ್ಮ ಹಾಗೆ ಬೆವರು ಬರುವುದಿಲ್ಲ, ಕಿವಿಯ ರಕ್ತನಾಳಗಳೇ ಅದರ ಕಿಟಕಿ. ಮನೆಯೊಳಗೆ 30 ಡಿಗ್ರಿ ದಾಟಿದರೆ ಮಂಜುಗಟ್ಟಿಸಿದ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟರೆ ಅದೇ ಹೋಗಿ ಒರಗಿಕೊಳ್ಳುತ್ತದೆ. ದೀಪಾವಳಿಯ ಪಟಾಕಿಗೆ ಬೆದರಿ ಊಟ ಬಿಡುವ ಮೊಲಗಳೂ ಇವೆ. ಆ ದಿನಗಳಲ್ಲಿ ಒಳಕೋಣೆಯೇ ಕ್ಷೇಮ.

ಬೆಣ್ಣೆಗೆ ಅಂದು ಬೇಕಾಗಿದ್ದದ್ದು ಜಂತಿನ ಔಷಧಿಯಲ್ಲ, ಒಂದು ಕಂತೆ ಹುಲ್ಲು. ಮೊದಲ ವಾರ ಬಿಸ್ಕತ್ತು ತಿಂದದ್ದಕ್ಕೆ ಅದರ ಮೆದುಹಿಕ್ಕೆ ಗೊಂಚಲು ಕಟ್ಟದೆ ಹಿಂಗಾಲಿನ ಕೂದಲಿಗೆಲ್ಲ ಅಂಟಿ ನಾರುತ್ತಿತ್ತು. ಒಣಗರಿಕೆ ಹಾಕಲು ಶುರುಮಾಡಿದ ಮೇಲೆ ನಿಧಾನಕ್ಕೆ ಸರಿಹೋಯಿತು. ಈಗ ಅಣ್ಣನ ಮಗಳು ಬೆಳಿಗ್ಗೆ ಎದ್ದೊಡನೆ ಮೂಲೆಯ ತಟ್ಟೆ ನೋಡಿ ನನಗೊಂದು ಸಂದೇಶ ಕಳಿಸುತ್ತಾಳೆ: "ಮಗ್ಗ ಓಡ್ತಿದೆ ಚಿಕ್ಕಪ್ಪ."

ನಮ್ಮಮ್ಮ ಮುದ್ದೆ ಮುರಿಯುವುದನ್ನು ಬಿಟ್ಟಿದ್ದಾರೆ. ಸಂಕಷ್ಟಿಯ ದಿನ ಗಣಪನಿಗೆಂದು ತರುವ ಗರಿಕೆಯಲ್ಲಿ ಮೊದಲೇ ಒಂದು ಹಿಡಿ ತೆಗೆದಿಡುತ್ತಾರೆ. ಮೀಸಲು ಮುರಿಯಿತಲ್ಲಮ್ಮ ಎಂದು ಅಣ್ಣ ರೇಗಿಸಿದರೆ, "ಅವನಿಗೂ ದೊಡ್ಡ ಹೊಟ್ಟೆನೇ ಅಲ್ವೇನೋ, ಅವನಿಗೆ ಅರ್ಥ ಆಗ್ತೈತೆ ಬಿಡು" ಎನ್ನುತ್ತಾರೆ.